ವಿಡಿಯೊ ಓಡುವಾಗ ಮೇಷ್ಟ್ರು ಏನು ಮಾಡಬೇಕು?

(ಶಿವಮೊಗ್ಗ ಜಿಲ್ಲೆಯ ಪ್ರೌಢಶಾಲಾ ವಿಜ್ಞಾನ ಶಿಕ್ಷಕರ ಒಂದು ದಿನದ ಕಾರ್ಯಾಗಾರದಲ್ಲಿ ಆಡಿದ ಮಾತುಗಳ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟೂ ಹಾಗೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಊಟ ಆದ ಮೇಲಿನ ಅವಧಿಯನ್ನು ನನಗೆ ಕೊಟ್ಟಿದ್ದಾರೆ, ಅದೂ ವಿಡಿಯೊ ಬಗ್ಗೆ ಮಾತಾಡಿ ಅಂತ. ಕಿಟಕಿ ಮುಚ್ಚಿ ಕತ್ತಲು ಮಾಡಿ ಪರದೆ ಮೇಲೆ ಏನಾದರೂ ಹಾಕಿದರೆ ಅರ್ಧ ಜನ ನಿದ್ದೆಗೆ ಜಾರುತ್ತೀರಿ, ನಾನೂ ಜಾರಬಹುದು. ಹಾಗಾಗಿ ಇವತ್ತು ಪ್ರೊಜೆಕ್ಟರ್ ಆರಿಸಿಯೇ ಇರಲಿ. ಜೇಬಿನಲ್ಲಿ ಒಂದು ಅಡಿಕೆ ಇದೆ, ಅದು ಸಾಕು.

ಕೆಲವು ವರ್ಷದ ಹಿಂದೆ ಹತ್ತನೇ ಕ್ಲಾಸಿಗೆ ಜೀವಕ್ರಿಯೆಗಳ ಪಾಠ ಮಾಡುತ್ತಿದ್ದೆ. ಹೃದಯದ ಒಂದು ಆನಿಮೇಶನ್ ಸಿಕ್ಕಿತ್ತು. ಬಹಳ ಚೆನ್ನಾಗಿತ್ತು. ನಾಲ್ಕು ಕೋಣೆ, ತೆರೆದು ಮುಚ್ಚುವ ಕವಾಟ, ಲಬ್-ಡಬ್ ಶಬ್ದ, ಒಂದು ಕಡೆಯಿಂದ ಹೋಗುವ ರಕ್ತ, ಇನ್ನೊಂದು ಕಡೆಯಿಂದ ಬರುವ ರಕ್ತ. ಹೃತ್ಕರ್ಣ, ಹೃತ್ಕುಕ್ಷಿ ಅಂತ ನಾನು ಬೋರ್ಡಿನ ಮೇಲೆ ಬಿಡಿಸಿದ ಚಿತ್ರ ಯಾವತ್ತೂ ಬದನೆಕಾಯಿ ತರವೇ ಕಾಣುತ್ತಿತ್ತು. ಅದರ ಮುಂದೆ ಇದು ಸ್ವರ್ಗ. ಮುಗಿದ ಮೇಲೆ ಮಕ್ಕಳು ಚಪ್ಪಾಳೆ ತಟ್ಟಿದರು. ಇಪ್ಪತ್ತು ವರ್ಷ ಪಾಠ ಮಾಡಿದ್ದೇನೆ, ನನ್ನ ಪಾಠಕ್ಕೆ ಯಾರೂ ಚಪ್ಪಾಳೆ ತಟ್ಟಿದ್ದಿಲ್ಲ.

ಮುಂದಿನ ವಾರ ಕಿರುಪರೀಕ್ಷೆ ಇಟ್ಟೆ. "ಅಪಧಮನಿಗೂ ಅಭಿಧಮನಿಗೂ ವ್ಯತ್ಯಾಸವೇನು?" ಅಂತ ಒಂದು ಪ್ರಶ್ನೆ. ಕ್ಲಾಸಿನ ಅರ್ಧಕ್ಕಿಂತ ಹೆಚ್ಚು ಮಕ್ಕಳು ಬರೆದಿದ್ದರು: ಅಪಧಮನಿಯಲ್ಲಿ ಕೆಂಪು ರಕ್ತ ಇರುತ್ತದೆ, ಅಭಿಧಮನಿಯಲ್ಲಿ ನೀಲಿ ರಕ್ತ ಇರುತ್ತದೆ.

ನೀಲಿ ರಕ್ತ! ತಪ್ಪು ಅವರದಲ್ಲ. ವಿಡಿಯೊದಲ್ಲಿ ನೀಲಿಯೇ ಇತ್ತು. ಪುಸ್ತಕದ ಚಿತ್ರದಲ್ಲೂ ನೀಲಿಯೇ ಇದೆ. ಆದರೆ ಪುಸ್ತಕದ ಚಿತ್ರ ಅಲುಗಾಡುವುದಿಲ್ಲ, ಅದು ಚಿತ್ರ ಅಂತ ಮಕ್ಕಳಿಗೆ ಗೊತ್ತು. ಚಲಿಸಿದ್ದನ್ನು ಮಾತ್ರ ನಿಜ ಅಂದುಕೊಳ್ಳುತ್ತಾರೆ. ನಾನು ಕ್ಲಾಸಿನಲ್ಲಿ ಕೇಳಿದೆ, "ಯಾರಾದರೂ ನೀಲಿ ರಕ್ತ ನೋಡಿದೀರೇನ್ರೋ?" ಒಬ್ಬ ಹುಡುಗ ಎದ್ದು, "ಸಾರ್, ಒಳಗಿರೋವಾಗ ನೀಲಿ ಇರತ್ತೆ, ಹೊರಗೆ ಬಂದ ಕೂಡ್ಲೆ ಗಾಳಿ ತಾಗಿ ಕೆಂಪಾಗತ್ತೆ" ಅಂದ. ಎಂಥ ಜಾಣ ಉತ್ತರ ನೋಡಿ. ತಪ್ಪನ್ನು ಉಳಿಸಿಕೊಳ್ಳಲು ಒಂದು ಹೊಸ ಸಿದ್ಧಾಂತವನ್ನೇ ಕಟ್ಟಿದ. ಆಗ ಹಿಂದಿನ ಬೆಂಚಿನ ಹುಡುಗಿ ಹೇಳಿದಳು. ಮಂಗನ ಕಾಯಿಲೆ ಪರೀಕ್ಷೆಗೆ ಅಂತ ಅವಳ ರಕ್ತ ತೆಗೆದಿದ್ದರಂತೆ. "ಸಿರಿಂಜ್ ತುಂಬೋದನ್ನ ನಾನೇ ನೋಡಿದೀನಿ ಸಾರ್. ಒಳಗೇ ಕಪ್ಪುಗೆಂಪು ಇತ್ತು. ಅಲ್ಲಿ ಗಾಳಿ ಎಲ್ಲಿ ಬಂತು?"

ಆ ಒಂದು ಮಾತಿನಿಂದ ನಡೆದ ಪಾಠ ಏಳು ನಿಮಿಷದ ಆನಿಮೇಶನ್‌ನಿಂದ ನಡೆದಿರಲಿಲ್ಲ. ಸೂಜಿ ಚುಚ್ಚುವುದು ಅಭಿಧಮನಿಗೇ, ಹಾಗಾದರೆ ಅಲ್ಲಿನ ರಕ್ತ ಗಾಢ ಕೆಂಪು. ಮತ್ತೆ ಕೈ ಮೇಲೆ ನರ ಹಸಿರು-ನೀಲಿ ಕಾಣುವುದು ಯಾಕೆ? ಚರ್ಮ ದಾಟಿ ಹೋಗಿ ಬರುವ ಬೆಳಕಿನ ಆಟ ಅದು. ಎಲ್ಲರೂ ಮುಂಗೈ ನೋಡಿಕೊಂಡರು. ನೀವೂ ಈಗ ನೋಡಿಕೊಳ್ಳುತ್ತಿದ್ದೀರಿ.

ಅಲ್ಲಿಂದೀಚೆಗೆ ಯಾವ ಆನಿಮೇಶನ್ ಹಾಕುವ ಮೊದಲೂ ನಾನು ಒಬ್ಬನೇ ಕೂತು ಒಮ್ಮೆ ನೋಡುತ್ತೇನೆ, ಇದು ಎಲ್ಲಿ ಸುಳ್ಳು ಹೇಳುತ್ತಿದೆ ಅಂತ. ಸುಳ್ಳು ಹೇಳದ ಆನಿಮೇಶನ್ ಇಲ್ಲ, ಹೇಳಲೇಬೇಕು ಅದು. ಭೂಮಿ ಸೂರ್ಯನ ಸುತ್ತ ತಿರುಗುವುದನ್ನು ತೋರಿಸುವಾಗ ಕಕ್ಷೆಯನ್ನು ಕೋಳಿಮೊಟ್ಟೆಯ ಹಾಗೆ ಎಳೆದಿರುತ್ತಾರೆ, ಓರೆಯಾಗಿ ನೋಡಿದಂತೆ ಕಾಣಲಿ ಅಂತ. ಮಗು ಅದನ್ನು ನೋಡಿ ಏನು ತೀರ್ಮಾನ ಮಾಡುತ್ತದೆ? ಹತ್ತಿರ ಬಂದಾಗ ಬೇಸಿಗೆ, ದೂರ ಹೋದಾಗ ಚಳಿ. ನಿಜವಾದ ಲೆಕ್ಕ ನೋಡಿ: ಜನವರಿ ಮೊದಲ ವಾರ ಭೂಮಿ ಸೂರ್ಯನಿಗೆ ತೀರಾ ಹತ್ತಿರ, ಸುಮಾರು 14.7 ಕೋಟಿ ಕಿಲೋಮೀಟರು. ಜುಲೈ ಮೊದಲ ವಾರ ತೀರಾ ದೂರ, ಸುಮಾರು 15.2 ಕೋಟಿ. ಕಕ್ಷೆಯನ್ನು ಹಾಳೆ ಮೇಲೆ ಸರಿಯಾಗಿ ಬರೆದರೆ ಬರಿಗಣ್ಣಿಗೆ ಅದು ವೃತ್ತವೇ. ನಾನು ಮಕ್ಕಳಿಗೆ ಹೇಳುವುದು ಇಷ್ಟೇ: ಧನುರ್ಮಾಸದಲ್ಲಿ ಬೆಳಗಿನ ಜಾವ ನಡುಗುತ್ತಾ ದೇವಸ್ಥಾನಕ್ಕೆ ಹುಗ್ಗಿ ತಿನ್ನೋಕೆ ಹೋಗ್ತೀರಲ್ಲ, ಆವಾಗಲೇ ನಾವು ಸೂರ್ಯನಿಗೆ ಅತಿ ಹತ್ತಿರ ಇರೋದು. ಆಮೇಲೆ ಅವರೇ ಕೇಳುತ್ತಾರೆ, ಹಾಗಾದ್ರೆ ಚಳಿ ಯಾಕೆ ಸಾರ್? ಭೂಮಿಯ ಅಕ್ಷ ಓರೆಯಾಗಿರುವ ಮಾತು ಶುರುವಾಗಬೇಕಾದ್ದು ಅಲ್ಲಿಂದ.

ಈಗ ಒಂದು ಸಂಶೋಧನೆಯ ವಿಷಯ. ಸಿಡ್ನಿ ವಿಶ್ವವಿದ್ಯಾಲಯದಲ್ಲಿ ಡೆರೆಕ್ ಮುಲ್ಲರ್ ಅನ್ನುವವರು ಭೌತಶಾಸ್ತ್ರದ ವಿಡಿಯೊಗಳ ಮೇಲೆಯೇ ಪಿಎಚ್‌ಡಿ ಮಾಡಿದರು, 2008ರಲ್ಲಿ. ಇವತ್ತು ಯೂಟ್ಯೂಬಿನಲ್ಲಿ ವೆರಿಟಾಸಿಯಂ ಅನ್ನುವ ಚಾನೆಲ್ ನಡೆಸುವುದು ಅವರೇ. ಕೈಯಿಂದ ಮೇಲಕ್ಕೆಸೆದ ಚೆಂಡು, ಅದರ ಮೇಲಿನ ಬಲ, ಇಂಥ ವಿಷಯದ ಮೇಲೆ ಸ್ಪಷ್ಟವಾದ, ಅಚ್ಚುಕಟ್ಟಾದ ವಿಡಿಯೊವನ್ನು ವಿದ್ಯಾರ್ಥಿಗಳಿಗೆ ತೋರಿಸಿದರು. ಮೊದಲು ಒಂದು ಪರೀಕ್ಷೆ, ನೋಡಿದ ಮೇಲೆ ಅದೇ ಪರೀಕ್ಷೆ. ಚೆನ್ನಾಗಿತ್ತು, ಅರ್ಥವಾಯಿತು, ಸುಲಭವಾಗಿತ್ತು ಅಂತ ವಿದ್ಯಾರ್ಥಿಗಳು ಹೇಳಿದರು. ಅಂಕ? ಮೊದಲು 26ಕ್ಕೆ ಸರಾಸರಿ 6.0. ನೋಡಿದ ಮೇಲೆ 6.3.

ನಗಬೇಡಿ, ನಮ್ಮ ಕ್ಲಾಸಿನಲ್ಲೂ ಅದೇ ಆಗುತ್ತಿರುವುದು, ನಾವು ಅಳೆಯುವುದಿಲ್ಲ ಅಷ್ಟೆ. ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಅಂಕ ಏರಲಿಲ್ಲ, ಆದರೆ ತಮ್ಮ ಉತ್ತರದ ಮೇಲಿನ ನಂಬಿಕೆ ಏರಿತ್ತು. ಮೊದಲಿದ್ದ ತಪ್ಪು ಕಲ್ಪನೆ ಹೋಗಲಿಲ್ಲ, ಇನ್ನೂ ಗಟ್ಟಿಯಾಯಿತು. ವಿಡಿಯೊ ಹೇಳಿದ್ದೂ ತಾನು ಅಂದುಕೊಂಡದ್ದೂ ಒಂದೇ ಅಂತ ತಲೆ ಸಮಾಧಾನ ಮಾಡಿಕೊಂಡುಬಿಡುತ್ತದೆ.

ಇನ್ನೊಂದು ಗುಂಪಿಗೆ ಬೇರೆ ಬಗೆಯ ವಿಡಿಯೊ. ಅದರಲ್ಲಿ ಇಬ್ಬರು ಮಾತಾಡುತ್ತಾರೆ. ಒಬ್ಬ ಸಾಮಾನ್ಯವಾಗಿ ಎಲ್ಲರೂ ಮಾಡುವ ತಪ್ಪನ್ನೇ ಬಾಯಿಬಿಟ್ಟು ಹೇಳುತ್ತಾನೆ, ಇನ್ನೊಬ್ಬ ಅದನ್ನು ಕೆದಕುತ್ತಾನೆ. ಇದನ್ನು ನೋಡಿದವರು ಗೊಂದಲವಾಯಿತು ಅಂದರು. ಅವರ ಅಂಕ 6ರಿಂದ 11ರ ಆಸುಪಾಸಿಗೆ ಏರಿತು.

ಮಕ್ಕಳು "ಸೂಪರ್ ಇತ್ತು ಸಾರ್" ಅಂದರೆ ನಾನು ಈಗ ಖುಷಿಪಡುವುದಿಲ್ಲ, ಸ್ವಲ್ಪ ಗಾಬರಿಯಾಗುತ್ತೇನೆ.

ಅಡಿಕೆಗೆ ಬರೋಣ. ಇಗೋ, ಮೇಲಕ್ಕೆ ಎಸೆದೆ. ಕೈ ಬಿಟ್ಟ ಮೇಲೆ, ಇನ್ನೂ ಏರುತ್ತಿರುವಾಗ, ಇದರ ಮೇಲೆ ಯಾವ ಬಲ ಇದೆ? ಒಂಬತ್ತನೇ ಕ್ಲಾಸಿನಲ್ಲಿ ಕೇಳಿದಾಗ ಬಂದ ಉತ್ತರ: "ನಿಮ್ಮ ಕೈ ಬಲ ಸಾರ್. ಅದು ಖರ್ಚಾಗ್ತಾ ಹೋಗತ್ತೆ. ಪೂರ್ತಿ ಖಾಲಿ ಆದ್ಮೇಲೆ ಗುರುತ್ವ ಹಿಡ್ಕೊಂಡು ಕೆಳಗೆ ಎಳೀತದೆ." ಡೀಸೆಲ್ ಮುಗಿದ ಜೀಪಿನ ಹಾಗೆ. ಈ ಮಗುವಿಗೆ ನ್ಯೂಟನ್ನನ ನಿಯಮದ ವಿಡಿಯೊ ಹಾಕಿದರೆ ತಲೆಯಾಡಿಸಿಕೊಂಡು ನೋಡುತ್ತದೆ, ಡೀಸೆಲ್ಲು ಮಾತ್ರ ತಲೆಯಲ್ಲಿ ಹಾಗೇ ಇರುತ್ತದೆ. ಮೊದಲು ಡೀಸೆಲ್ಲನ್ನು ಹೊರಗೆ ತೆಗೆಸಬೇಕು. ಕೈಯಿಂದ ಬಿಟ್ಟ ಕ್ಷಣದಿಂದ ಏರುವಾಗ, ತುದಿಯಲ್ಲಿ, ಇಳಿಯುವಾಗ, ಮೂರು ಕಡೆಯೂ ಇರುವುದು ಕೆಳಮುಖವಾದ ಗುರುತ್ವ, ಜೊತೆಗೆ ಚೂರು ಗಾಳಿಯ ಅಡ್ಡಿ. ಇದನ್ನು ಹೇಳಿದರೆ ನಂಬುವುದಿಲ್ಲ. ಬಹುಕಾಲ ನಾನೂ ಮನಸ್ಸಿನಲ್ಲಿ ನಂಬಿರಲಿಲ್ಲ.

ಹಾಗಾದರೆ ವಿಡಿಯೊ ಬಿಟ್ಟುಬಿಡೋಣವೇ? ಬೇಡ. ನಿಲ್ಲಿಸೋಣ. ನಡುವೆ ನಿಲ್ಲಿಸುವ ಆ ಎರಡು ಗೀಟಿನ ಗುಂಡಿಗೆ ನಮ್ಮ ಮಕ್ಕಳು 'ಪಾಸ್ ಬಟನ್' ಅನ್ನುತ್ತಾರೆ. ಪರೀಕ್ಷೆ ಪಾಸಾಗುವ ಬಟನ್ ಅಂತಲೇ ಒಬ್ಬ ಹುಡುಗ ತಿಳಿದಿದ್ದ. ಅವನು ಹೇಳಿದ್ದೂ ಪೂರ್ತಿ ತಪ್ಪೇನಲ್ಲ.

1971ರ ಆಗಸ್ಟ್ 2ರಂದು ಅಪೊಲೊ 15ರ ಗಗನಯಾತ್ರಿ ಡೇವಿಡ್ ಸ್ಕಾಟ್ ಚಂದ್ರನ ಮೇಲೆ ನಿಂತು ಒಂದು ಕೈಯಲ್ಲಿ ಸುತ್ತಿಗೆ, ಇನ್ನೊಂದು ಕೈಯಲ್ಲಿ ಗಿಡುಗದ ಗರಿ ಹಿಡಿದು ಎರಡನ್ನೂ ಒಟ್ಟಿಗೆ ಬಿಟ್ಟರು. ಸುತ್ತಿಗೆ 1.3 ಕಿಲೋ. ಆ ತುಣುಕು ಒಂದು ನಿಮಿಷವೂ ಇಲ್ಲ, ಚಿತ್ರ ಮಸುಕು. ನನ್ನ ಪೆನ್‌ಡ್ರೈವಿನಲ್ಲಿರುವ ಅತ್ಯಂತ ಬೆಲೆಬಾಳುವ ವಿಡಿಯೊ ಅದು. ಸದ್ದು ಪೂರ್ತಿ ಆರಿಸಿ ಹಾಕುತ್ತೇನೆ. ಅವರು ಕೈ ಚಾಚಿ ನಿಂತ ಕೂಡಲೇ ನಿಲ್ಲಿಸಿ, ಬೋರ್ಡಿಗೆ ಹೋಗಿ ಮೂರು ಗೀಟು ಎಳೆಯುತ್ತೇನೆ. ಸುತ್ತಿಗೆ ಮೊದಲು, ಗರಿ ಮೊದಲು, ಎರಡೂ ಒಟ್ಟಿಗೆ. ಕೈ ಎತ್ತಿ. ಹೋದ ಬಾರಿ ಇನ್ನೊಂದು ಗೀಟು ಎಳೆಯಬೇಕಾಯಿತು, ಏಕೆಂದರೆ ಏಳೆಂಟು ಮಕ್ಕಳು "ಎರಡೂ ಬೀಳಲ್ಲ, ತೇಲ್ತವೆ, ಚಂದ್ರನಲ್ಲಿ ಗುರುತ್ವವೇ ಇಲ್ಲ" ಅಂದರು. ಯಾರು ಯಾಕೆ ಹಾಗೆ ಹೇಳುತ್ತೀರಿ, ಪಕ್ಕದವರನ್ನು ಒಪ್ಪಿಸಿ ಅಂತ ಐದು ನಿಮಿಷ ಬಿಟ್ಟೆ. ಮೀನು ಸಂತೆ. ಆಮೇಲೆ ಒತ್ತಿದೆ. ಒಂದೂವರೆ ಸೆಕೆಂಡಿನ ಒಳಗೆ ಎರಡೂ ಒಟ್ಟಿಗೆ ನೆಲ ಮುಟ್ಟಿದವು.

ಗದ್ದಲ ನಿಂತಿತು. ನಂತರ ಒಬ್ಬ ಮೆಲ್ಲಗೆ, "ಆ ಗರಿ ಕಬ್ಬಿಣದ್ದಿರಬೇಕು ಸಾರ್" ಅಂದ. ಆಗ ನೋಟ್‌ಬುಕ್ಕಿನ ಮೇಲೆ ಒಂದು ಕಾಗದದ ಚೂರು ಇಡಿಸಿ, ಎರಡನ್ನೂ ಹಾಗೇ ಕೈಬಿಡಲು ಹೇಳಿದೆ. ಚೂರು ಪುಸ್ತಕಕ್ಕೆ ಅಂಟಿಕೊಂಡಂತೆ ಜೊತೆಗೇ ಬಿತ್ತು. ಗಾಳಿಯನ್ನು ಪುಸ್ತಕ ಬಗೆದುಕೊಂಡು ಹೋದರೆ ಕಾಗದಕ್ಕೂ ಪುಸ್ತಕಕ್ಕೂ ಒಂದೇ ಓಟ. ನಲವತ್ತು ಮಕ್ಕಳೂ ಎದ್ದು ನಿಂತು ನೋಟ್‌ಬುಕ್ ಬೀಳಿಸುವ ಸದ್ದಿಗೆ ಪಕ್ಕದ ಕ್ಲಾಸಿನ ಸಮಾಜ ಮೇಡಂ ಬಂದು ಇಣುಕಿ ಹೋದರು.

ಈ ನಿಲ್ಲಿಸುವ ಸೌಲಭ್ಯ ಹಿಂದಿನವರಿಗೆ ಇರಲಿಲ್ಲ ಅನ್ನುವುದನ್ನು ನಾವು ಮರೆಯುತ್ತೇವೆ. ಸಿನಿಮಾ ಬಂದರೆ ಶಾಲೆಯಲ್ಲಿ ಪುಸ್ತಕವೇ ಬೇಡವಾಗುತ್ತದೆ, ಹತ್ತು ವರ್ಷದಲ್ಲಿ ಎಲ್ಲ ಬದಲಾಗುತ್ತದೆ ಅಂತ ಎಡಿಸನ್ 1913ರಲ್ಲೇ ಹೇಳಿದ್ದ. ನಮ್ಮಲ್ಲಿ 1975ರ ಆಗಸ್ಟ್ 1ರಿಂದ ಒಂದು ವರ್ಷ, ಉಪಗ್ರಹದ ಮೂಲಕ ಹಳ್ಳಿಗಳಿಗೆ ಟಿವಿ ಪಾಠ ಮುಟ್ಟಿಸುವ 'ಸೈಟ್' ಪ್ರಯೋಗ ನಡೆಯಿತು. ಅಮೆರಿಕದ ಎಟಿಎಸ್-6 ಉಪಗ್ರಹ, ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳು. ಕರ್ನಾಟಕದಲ್ಲಿ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳು. ಕೋಳಿಗೂಡಿಗೆ ಹಾಕುವ ತಂತಿ ಜಾಲರಿಯಿಂದ ಮಾಡಿದ ಹತ್ತಡಿ ಅಗಲದ ಡಿಷ್, ಶಾಲೆಯಲ್ಲೊಂದು ಟಿವಿ. ಬೆಳಿಗ್ಗೆ ಮಕ್ಕಳಿಗೆ ಇಪ್ಪತ್ತೆರಡೂವರೆ ನಿಮಿಷ. ಆ ಕಾಲಕ್ಕೆ ಅದು ಪವಾಡವೇ. ಆದರೆ ಕಾರ್ಯಕ್ರಮ ತನ್ನ ಹೊತ್ತಿಗೆ ಬಂದು ತನ್ನ ಹೊತ್ತಿಗೆ ಹೋಗುತ್ತಿತ್ತು. ಮಗು ಕೈ ಎತ್ತಿದರೆ ಉಪಗ್ರಹ ನಿಲ್ಲುತ್ತದೆಯೇ? 2004ರಲ್ಲಿ ಶಿಕ್ಷಣಕ್ಕೆಂದೇ ಮಾಡಿದ ನಮ್ಮ ಉಪಗ್ರಹ ಎಜುಸ್ಯಾಟ್ ಹಾರಿತು, ಚಾಮರಾಜನಗರದ ಶಾಲೆಗಳಿಗೆ ಅದರಿಂದ ಪಾಠ ಬಂತು. ಕೊರೊನಾ ಕಾಲದಲ್ಲಿ ಚಂದನ ವಾಹಿನಿಯಲ್ಲಿ ಸೇತುಬಂಧ, ಸಂವೇದ ಅನ್ನುವ ಟಿವಿ ಪಾಠಗಳು. ನಾವೆಲ್ಲ ಅದರ ವೇಳಾಪಟ್ಟಿಯನ್ನು ಮನೆಮನೆಗೆ ಹೇಳಿಕೊಂಡು ಓಡಾಡಿದವರೇ. ಟಿವಿ ಇಲ್ಲದ ಮನೆಯ ಮಕ್ಕಳು ಪಕ್ಕದ ಮನೆ ಜಗಲಿಯಲ್ಲಿ ಕೂತು ನೋಡಿದ್ದೂ ಗೊತ್ತು. ಅಲ್ಲಿಯೂ ಪಾಠ ನಿಲ್ಲುತ್ತಿರಲಿಲ್ಲ. ಈಗ ಸರ್ಕಾರದ ಆನ್‌ಲೈನ್ ಪಾಠಗಳ ತಾಣ ದೀಕ್ಷಾ ಇದೆ, ಪಠ್ಯಪುಸ್ತಕದಲ್ಲೇ ಕ್ಯೂಆರ್ ಕೋಡ್ ಇದೆ, ಕಂಪ್ಯೂಟರ್ ಬಳಸಿ ಪಾಠ ಮಾಡುವ ಟಾಲ್ಪ್ ತರಬೇತಿ ಆಗಿದೆ, ನಿಲ್ಲಿಸುವ ಗುಂಡಿ ನಮ್ಮ ಬೆರಳ ತುದಿಯಲ್ಲಿದೆ. ಆದರೂ ನಾವು ವಿಡಿಯೊ ಹಾಕಿ, ಹಿಂದೆ ಹೋಗಿ ಕುರ್ಚಿ ಮೇಲೆ ಕೂತು ಹಾಜರಿ ಪುಸ್ತಕ ತುಂಬುತ್ತೇವೆ.

'ನಾವು' ಅಂದೆ. ನನ್ನದೇ ಕತೆ ಹೇಳುತ್ತೇನೆ. ಶಾಲೆಗೆ ಲ್ಯಾಪ್‌ಟಾಪು, ಪ್ರೊಜೆಕ್ಟರು ಬಂದ ಹೊಸತರಲ್ಲಿ ಎರಡು ವರ್ಷ ನಾನು ಹತ್ತನೇ ಕ್ಲಾಸಿನ ಮೊದಲ ಪಾಠಕ್ಕೆ ಮೆಗ್ನೀಸಿಯಮ್ ಪಟ್ಟಿ ಉರಿಸುವುದನ್ನು ವಿಡಿಯೊದಲ್ಲೇ ತೋರಿಸಿದೆ. ಪಟ್ಟಿಯ ಸುರುಳಿ ಬೀರುವಿನಲ್ಲೇ ಇತ್ತು! ಸ್ಪಿರಿಟ್ ಲ್ಯಾಂಪ್ ಹುಡುಕಬೇಕು, ಇಕ್ಕಳ ಹುಡುಕಬೇಕು, ಯಾರ ಕೈಯಾದರೂ ಸುಟ್ಟರೆ ಅನ್ನುವ ಭಯ. ಮೂರನೇ ವರ್ಷ ಕರೆಂಟು ಇರಲಿಲ್ಲ. ಬೇರೆ ದಾರಿಯಿಲ್ಲದೆ ಸುರುಳಿ ಹೊರಗೆ ತೆಗೆದೆ. ನಮ್ಮ ಮಳೆಗಾಲದ ಥಂಡಿಗೆ ಕಪ್ಪಗಾಗಿ ಕೂತಿತ್ತು. ಜ್ವಾಲೆಗೆ ಹಿಡಿದರೆ ಹತ್ತಲಿಲ್ಲ. ಮಕ್ಕಳ ಮುಂದೆ ಬೆವರಿಳಿಯಿತು. ಆಮೇಲೆ ಉಪ್ಪುಕಾಗದ ತರಿಸಿ ಉಜ್ಜಿದೆವು, ಒಳಗಿನಿಂದ ಬೆಳ್ಳಿಯಂಥ ಲೋಹ ಬಂತು, ಹಿಡಿದ ಕೂಡಲೇ ಕಣ್ಣು ಕೋರೈಸಿ ಉರಿಯಿತು.

ಪುಸ್ತಕದಲ್ಲಿ ಆ ಪಾಠದ ನಡುವೆ ಒಂದು ಪ್ರಶ್ನೆ ಇದೆ, ಎಲ್ಲರಿಗೂ ಗೊತ್ತು: ಮೆಗ್ನೀಸಿಯಮ್ ಪಟ್ಟಿಯನ್ನು ಉರಿಸುವ ಮೊದಲು ಯಾಕೆ ಸ್ವಚ್ಛಗೊಳಿಸಬೇಕು? ಎರಡು ವರ್ಷ ನಾನು ಇದಕ್ಕೆ ಉತ್ತರವನ್ನು ಬರೆಸಿದ್ದೆ, ಮಕ್ಕಳು ಉರು ಹೊಡೆದಿದ್ದರು. ವಿಡಿಯೊದಲ್ಲಿ ಪಟ್ಟಿ ಯಾವಾಗಲೂ ಫಳಫಳ ಹೊಳೆಯುತ್ತಿರುತ್ತದೆ, ಅಲ್ಲಿ ಆ ಪ್ರಶ್ನೆ ಹುಟ್ಟುವುದೇ ಇಲ್ಲ. ಆ ವರ್ಷ ಮಾತ್ರ ಯಾರಿಗೂ ಬರೆಸಬೇಕಾಗಲಿಲ್ಲ. ಹತ್ತದೇ ಹೋದ ಪಟ್ಟಿಯೇ ಹೇಳಿಕೊಟ್ಟಿತ್ತು. ವಿಡಿಯೊ ಮಾಡುವವರು ಕೆಟ್ಟುಹೋದ ಪ್ರಯೋಗವನ್ನು ಕತ್ತರಿಸಿ ಬಿಸಾಡುತ್ತಾರೆ. ಆ ಬಿಸಾಡಿದ ತುಂಡಿನಲ್ಲೇ ಎಷ್ಟೋ ಸಲ ವಿಜ್ಞಾನ ಇರುತ್ತದೆ.

ಅದಕ್ಕೆ ನನ್ನದೊಂದು ಸರಳ ಲೆಕ್ಕ. ಕ್ಲಾಸಿನಲ್ಲಿ ಮಾಡಲು ಆಗುವುದನ್ನು ಪರದೆ ಮೇಲೆ ತೋರಿಸುವುದಿಲ್ಲ. ಆಗದೇ ಇರುವುದನ್ನು ತೋರಿಸುತ್ತೇನೆ. ಸೋಡಿಯಂ ತುಂಡನ್ನು ನೀರಿಗೆ ಹಾಕುವ ಸಾಹಸ ಬೇಡ, ವಿಡಿಯೊ ಸಾಕು. ಈರುಳ್ಳಿ ಬೇರಿನ ತುದಿಯ ಸ್ಲೈಡನ್ನು ತೆಗೆದುಕೊಳ್ಳಿ. ಸೂಕ್ಷ್ಮದರ್ಶಕದಲ್ಲಿ ತೋರಿಸುತ್ತೇವೆ, ಕೋಶ ವಿಭಜನೆ ಅನ್ನುತ್ತೇವೆ. ಆದರೆ ಅವು ಬಣ್ಣ ಹಾಕಿ ಸಾಯಿಸಿದ ಕೋಶಗಳು, ಒಂದೊಂದು ಒಂದೊಂದು ಹಂತದಲ್ಲಿ ಹೆಪ್ಪುಗಟ್ಟಿ ನಿಂತಿವೆ. ಮಗುವಿನ ಪಾಲಿಗೆ ಅದು ಗೋಡೆ ಮೇಲಿನ ಬೂಷ್ಟು. ಗಂಟೆಗಟ್ಟಲೆ ನಡೆಯುವ ವಿಭಜನೆಯನ್ನು ಅರ್ಧ ನಿಮಿಷಕ್ಕೆ ಇಳಿಸಿದ ಜೀವಂತ ಕೋಶದ ವಿಡಿಯೊ ಸಿಗುತ್ತದೆ. ವರ್ಣತಂತುಗಳು ನಡುವೆ ಬಂದು ಸಾಲಾಗಿ ನಿಂತು, ಒಮ್ಮೆಲೇ ಎರಡು ಕಡೆಗೆ ಎಳೆದುಕೊಂಡು ಹೋಗುವುದನ್ನು ನೋಡಿದ ಮೇಲೆ ಸ್ಲೈಡ್ ತೋರಿಸಿ. ಮಕ್ಕಳು ಕೋಶಗಳನ್ನು ಹೆಸರಿಟ್ಟು ಗುರುತಿಸುತ್ತಾರೆ, "ಸಾರ್, ಇದು ಎಳೀತಾ ಇರೋವಾಗ ಸತ್ತಿದೆ" ಅಂತ. ಇಲ್ಲಿ ವಿಡಿಯೊಗೆ ಸಾಟಿ ಇಲ್ಲ, ನನ್ನ ಬದನೆಕಾಯಿ ಚಿತ್ರವಂತೂ ಅಲ್ಲವೇ ಅಲ್ಲ.

ಭಾಷೆಯದ್ದು ಒಂದು ಮಾತು. ಒಳ್ಳೆಯ ವಿಡಿಯೊ ಇಂಗ್ಲಿಷಿನಲ್ಲಿದೆ, ಹಿಂದಿಯಲ್ಲಿದೆ, ನಮ್ಮ ಮಕ್ಕಳಿಗೆ ಹೇಗೆ ಅಂತ ಕೇಳುತ್ತೀರಿ. ಕನ್ನಡದಲ್ಲಿಯೂ ಈಗ ಬೇಕಾದಷ್ಟಿವೆ. ಖಾನ್ ಅಕಾಡೆಮಿಯ ಪಾಠಗಳಿವೆ, ಕಸದಿಂದ ಆಟಿಕೆ ಮಾಡಿ ವಿಜ್ಞಾನ ಹೇಳುವ ಅರವಿಂದ ಗುಪ್ತ ಅವರ ಪುಟ್ಟ ಪುಟ್ಟ ಚಿತ್ರಗಳಿವೆ, ಪರದೆ ಮೇಲೆ ನಾವೇ ಪ್ರಯೋಗ ಮಾಡಿ ನೋಡುವ ಫೆಟ್ ಸಿಮ್ಯುಲೇಶನ್‌ಗಳು ಕನ್ನಡಕ್ಕೆ ಬಂದಿವೆ. ಆದರೂ ನನ್ನ ಕೇಳಿದರೆ, ಧ್ವನಿ ಆರಿಸಿ. ನೀವೇ ಮಾತಾಡಿ. ನಿಮ್ಮ ಊರಿನ ಕನ್ನಡದಲ್ಲಿ. ಡಬ್ ಮಾಡಿದ ಧ್ವನಿ 'ದ್ಯುತಿಸಂಶ್ಲೇಷಣೆಯು ಎಲೆಗಳಲ್ಲಿ ಜರುಗುವ ಪ್ರಕ್ರಿಯೆಯಾಗಿದೆ' ಅನ್ನುವಷ್ಟರಲ್ಲಿ ನೀವು "ಎಲೆ ಅಡುಗೆ ಮನೆ ಇದ್ದ ಹಾಗೆ, ಒಲೆ ಎಲ್ಲಿದೆ ಹೇಳಿ" ಅಂದುಬಿಟ್ಟಿರುತ್ತೀರಿ. ಉದ್ದವೂ ಬೇಡ. ಎಡ್‌ಎಕ್ಸ್‌ನ ಆನ್‌ಲೈನ್ ಪಾಠಗಳ 69 ಲಕ್ಷ ವೀಕ್ಷಣೆಗಳನ್ನು ಪರಿಶೀಲಿಸಿದ 2014ರ ಅಧ್ಯಯನವೊಂದರಲ್ಲಿ, ವಿಡಿಯೊ ಎಷ್ಟೇ ಉದ್ದವಿರಲಿ ನೋಡುಗರು ನಿಲ್ಲುವುದು ಸುಮಾರು ಆರು ನಿಮಿಷ ಅಂತ ಕಂಡಿತು. ಅವರು ತಾವಾಗಿ ಬಂದು ಕೂತ ದೊಡ್ಡವರು. ಮಧ್ಯಾಹ್ನ ಬಿಸಿಯೂಟ ಉಂಡ ಎಂಟನೇ ಕ್ಲಾಸಿಗೆ ನಾನು ಎರಡು ನಿಮಿಷಕ್ಕಿಂತ ಹೆಚ್ಚು ಹಾಕುವುದಿಲ್ಲ.

ಮಕ್ಕಳೇ ತರುವ ವಿಡಿಯೊಗಳೂ ಇವೆ. ಒಂದೇ ನಿಂಬೆಹಣ್ಣಿಗೆ ಎರಡು ತಂತಿ ಚುಚ್ಚಿ ಮನೆಯ ಬಲ್ಬು ಬೆಳಗಿಸುವುದು, ಈರುಳ್ಳಿಯಲ್ಲಿ ಮೊಬೈಲ್ ಚಾರ್ಜ್ ಮಾಡುವುದು. ಸುಳ್ಳು ಅಂತ ಬೈದು ಕಳಿಸಬೇಡಿ, ಮಾಡಿಸಿ. ಹೇರಳೆಕಾಯಿ ತರಿಸಿ ಒಂದು ಸತುವಿನ ಮೊಳೆ, ಒಂದು ತಾಮ್ರದ ತಂತಿ ಚುಚ್ಚಿಸಿದೆ. ಮಲ್ಟಿಮೀಟರಿನಲ್ಲಿ ಸುಮಾರು 0.9 ವೋಲ್ಟ್ ಬಂತು. ಪುಟ್ಟ ಕೆಂಪು ಎಲ್‌ಇಡಿ ಮಿಣುಕಲಿಕ್ಕೂ 1.8 ವೋಲ್ಟಿನಷ್ಟು ಬೇಕು. ನಾಲ್ಕು ಕಾಯಿ ಸಾಲಾಗಿ ಜೋಡಿಸಿ, ಕೋಣೆ ಕತ್ತಲು ಮಾಡಿದಾಗ ಅದು ಚೂರೇ ಚೂರು ಮಿಣುಕಿತು. 'ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು' ಅನ್ನುವ ಗಾದೆ ಫೋನು ಬರುವ ಮೊದಲೇ ಹುಟ್ಟಿದ್ದು.

2019ರ ಡಿಸೆಂಬರ್ 26ರ ಗ್ರಹಣ ನೆನಪಿದೆಯಲ್ಲ? ಕೊಡಗಿನಲ್ಲಿ ಬಳೆಯ ಹಾಗೆ ಕಂಡಿತು, ನಮ್ಮಲ್ಲಿ ಪಾರ್ಶ್ವ. ಅವತ್ತು ಬೆಳಿಗ್ಗೆ ಎಷ್ಟೋ ಮನೆಗಳಲ್ಲಿ ಬಾಗಿಲು ಮುಚ್ಚಿ, ದರ್ಬೆ ಹಾಕಿ, ಒಳಗೆ ಟಿವಿಯಲ್ಲಿ ಅದೇ ಗ್ರಹಣದ ನೇರಪ್ರಸಾರ ನೋಡುತ್ತಿದ್ದರು. ಅಂಗೈ ಹುಣ್ಣಿಗೆ ಕನ್ನಡಿ! ನಾನು ನಾಲ್ಕಾರು ಮಕ್ಕಳನ್ನು ಶಾಲೆಯ ಮಾವಿನ ಮರದ ಕೆಳಗೆ ನಿಲ್ಲಿಸಿದ್ದೆ. ಎಲೆಗಳ ಸಂದಿಯಿಂದ ನೆಲದ ಮೇಲೆ ಬಿದ್ದ ಬಿಸಿಲಿನ ಚುಕ್ಕಿ ಒಂದೊಂದೂ ಕುಡುಗೋಲಿನ ಆಕಾರ, ನೂರಾರು. ಒಬ್ಬಳು ತನ್ನ ಬಿಳಿ ವೇಲನ್ನು ನೆಲಕ್ಕೆ ಹಾಸಿ ಅದರ ಮೇಲೆ ಸೂರ್ಯನನ್ನು ಹಿಡಿದಳು.

ಕೊನೆಗೆ ಒಂದು ಮನವಿ. ಸೂರ್ಯ ನೆತ್ತಿಗೆ ಸರಿಯಾಗಿ ಬಂದು ನೆರಳು ಕಾಣದಂತಾಗುವ ದಿನ ನಮ್ಮ ಊರುಗಳಿಗೆ ವರ್ಷಕ್ಕೆ ಎರಡು ಸಲ. ಒಂದು ಏಪ್ರಿಲ್ ಕೊನೆಯ ವಾರ, ಅವಾಗ ರಜೆ. ಇನ್ನೊಂದು, ಶಿವಮೊಗ್ಗಕ್ಕೆ, ಸರಿಸುಮಾರು ಆಗಸ್ಟ್ 15. ಸಾಗರಕ್ಕೆ ಒಂದು ದಿನ ಹಿಂದೆ, ತೀರ್ಥಹಳ್ಳಿಗೆ ಒಂದು ದಿನ ಮುಂದೆ. ಮಲೆನಾಡಿನ ಆಗಸ್ಟ್ ಗೊತ್ತಲ್ಲ, ಮೋಡ ಮುಸುಕಿ ದಿನವೂ ಶೂನ್ಯ ನೆರಳಿನ ದಿನವೇ. ಆದರೂ ಅವತ್ತು ಎಲ್ಲ ಶಾಲೆಯ ಅಂಗಳದಲ್ಲೂ ನೆಟ್ಟಗೆ ನಿಂತ ಒಂದು ಕಂಬ ಇರುತ್ತದೆ, ಧ್ವಜಸ್ತಂಭ. ಲಾಡು ಹಂಚಿದ ಮೇಲೆ ಮಕ್ಕಳನ್ನು ಕಳಿಸಬೇಡಿ, ಮಧ್ಯಾಹ್ನದ ತನಕ ಉಳಿಸಿಕೊಳ್ಳಿ. ಹನ್ನೆರಡೂವರೆ ದಾಟಿ ಒಂದೆರಡು ನಿಮಿಷಕ್ಕೆ ಕಂಬದ ಬುಡ ನೋಡಿ. ಬಿಸಿಲು ಬಾರದೇ ಹೋದರೆ ನನಗೆ ಫೋನ್ ಮಾಡಿ, ಬೆಂಗಳೂರಿನಲ್ಲಿ ತೆಗೆದ ವಿಡಿಯೊ ನನ್ನ ಪೆನ್‌ಡ್ರೈವಿನಲ್ಲಿ ಇದೆ, ಕಳಿಸುತ್ತೇನೆ.